ಚಿಂದಿಯ ಗಂಟು

ಚರಿತ್ರೆಯ ಗ್ರಂಥಗಳಲ್ಲಿ ಪಟ್ಟೆ ಪೀತಾಂಬರಗಳಿಗೆ ದೊರೆತಿರುವ ಸ್ಥಾನ ಹರಕು ಬಟ್ಟೆಗೆ ದೊರೆತಿಲ್ಲ. ರೋಮಿನ ಶ್ರೀಮಂತರು ನಮ್ಮ ದೇಶದ ನಯವಾದ ಹತ್ತಿಬಟ್ಟೆಗಾಗಿ ಹೊನ್ನು ಸುರಿದದ್ದನ್ನೂ ವಿಜಯನಗರದ ಪೇಟೆಯಲ್ಲಿ ದೇಶವಿದೇಶದ ವಸ್ತ್ರಗಳು ಮಾರಾಟಕ್ಕಿದ್ದುದನ್ನೂ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಓದುತ್ತಾರೆ. ಆ ವಸ್ತ್ರ ಉಟ್ಟು, ಒಗೆದು, ಮಾಸಿ, ಹರಿದ ಮೇಲೆ ಎಲ್ಲಿಗೆ ಹೋಯಿತು ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ಬಟ್ಟೆಯ ಆಯುಷ್ಯದಲ್ಲಿ ನೇಯ್ಗೆ ಕೆಲವು ದಿನಗಳ ಮಾತು. ಉಡುವುದು ಕೆಲವು ವರ್ಷಗಳದು. ಚಿಂದಿಯಾಗಿ ಅದು ಬಾಳುವ ಕಾಲ ಎಷ್ಟೋ ಸಲ ಇವೆರಡಕ್ಕಿಂತ ದೀರ್ಘವಾದದ್ದು. ಈ ಹೊತ್ತು ನಾನು ಹೇಳಹೊರಟಿರುವುದು ಬಟ್ಟೆಯ ಆ ಉತ್ತರಾರ್ಧದ ಕಥೆಯನ್ನು.

ಕೌದಿಯ ಬಗೆಗೆ ಆಗೀಗ ಲೇಖನಗಳು ಬರುತ್ತವೆ. ಮೇಳಗಳಲ್ಲಿ ಅದನ್ನು ತೂಗುಹಾಕುವುದೂ ಉಂಟು. ಆದರೆ ಅಲ್ಲಿ ನಾವು ನೋಡುವುದು ಹೊಲಿದು ಮುಗಿದ ಕೌದಿಯನ್ನು. ಅದಕ್ಕೆ ಹಿಂದಿನ ಐದಾರು ವರ್ಷ ಒಬ್ಬ ಹೆಂಗಸು ತುಂಡುಗಳನ್ನು ಕೂಡಿಟ್ಟದ್ದು, ಬೇರ್ಪಡಿಸಿದ್ದು, ಮಡಿಸಿ ಗಂಟು ಕಟ್ಟಿದ್ದು, ಮತ್ತೆ ಬಿಚ್ಚಿ ಬಿಸಿಲಿಗೆ ಹಾಕಿದ್ದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸಾಹಿತ್ಯದ ಮೇಷ್ಟರಾಗಿ ಮೂವತ್ತು ವರ್ಷ ಕಳೆದವನಿಗೆ ಅಚ್ಚಾದ ಕಾವ್ಯದಷ್ಟೇ ಕವಿಯ ಕರಡುಪ್ರತಿಯಲ್ಲೂ ಕುತೂಹಲವಿರುತ್ತದೆ. ಕೌದಿಯ ವಿಷಯದಲ್ಲಂತೂ ಕರಡಿನಲ್ಲೇ ವಿದ್ಯೆಯೆಲ್ಲ ಅಡಗಿದೆ ಎಂದು ನನ್ನ ಅಭಿಪ್ರಾಯ. ಸೂಜಿ ಹಿಡಿಯುವುದನ್ನು ಒಂದು ಬೇಸಗೆಯಲ್ಲಿ ಕಲಿಯಬಹುದು. ಗಂಟು ಕಟ್ಟುವುದನ್ನು ಕಲಿಯಲು ಒಂದು ಸಂಸಾರವೇ ಬೇಕು.

ಮೊದಲು ಮಾತಿನ ವಿಚಾರ. ಚಿಂದಿ ಜೋಡಿಸಿದ ಹೊದಿಕೆಗೆ ಸಂಸ್ಕೃತದಲ್ಲಿ ‘ಕಂಥಾ’ ಎನ್ನುತ್ತಾರೆ. ಬಂಗಾಳದ ಹೆಣ್ಣುಮಕ್ಕಳು ಹಳೆಯ ಸೀರೆಗಳ ಪದರುಗಳ ಮೇಲೆ ಚಿತ್ರ ಬಿಡಿಸುವ ‘ಕಾಂಥಾ’ ಅದೇ ಮಾತು. ನಮ್ಮಲ್ಲಿ ಅದು ಕಂಥೆ, ಕಂತೆ ಎಂದಾಯಿತು. ಜೊತೆಗೆ ಬೊಂತೆಯೂ ಇದೆ. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯಲ್ಲಿ ಇವೆರಡೂ ಗಂಡಹೆಂಡಿರಂತೆ ಒಟ್ಟಿಗೆ ಕುಳಿತಿವೆ. ಉತ್ತರ ಕರ್ನಾಟಕದವರಾದ ನಮಗೆ ಅದು ಕೌದಿ, ಮರಾಠಿಯವರಿಗೆ ಗೋಧಡಿ, ಉತ್ತರ ಕನ್ನಡದ ಸಿದ್ದಿಯರ ಬಾಯಲ್ಲಿ ಕವಂದಿ.

ಹಳೆಯ ಸಾಹಿತ್ಯದಲ್ಲಿ ಕಂಥೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ವಿರಕ್ತರ ಹೆಗಲ ಮೇಲೆ. ಭರ್ತೃಹರಿ ತನ್ನ ವೈರಾಗ್ಯಶತಕದಲ್ಲಿ ನೂರು ತುಂಡುಗಳ ಕಂಥೆಯ ಮಾತನ್ನೆತ್ತುತ್ತಾನೆ. ವಚನಗಳಲ್ಲಿ ಕಂಥೆ ಎಂಬುದು ಮೈಗೇ ರೂಪಕವಾಗಿ ಬರುತ್ತದೆ. ಸತ್ತವನನ್ನು ‘ಕಂತೆ ಒಗೆದ’ ಎಂದು ನಾವು ಆಡುಮಾತಿನಲ್ಲಿ ಹೇಳುವಾಗ ಅದೇ ರೂಪಕ ಉಳಿದಿದೆ. ಬೌದ್ಧರಲ್ಲಿ ಈ ವಿಷಯ ಇನ್ನೂ ಸ್ವಾರಸ್ಯಕರ. ಬಿಸಾಡಿದ ಬಟ್ಟೆಗಳನ್ನು ಆಯ್ದು ಹೊಲಿದ ಚೀವರಕ್ಕೆ ಅವರು ಪಾಂಸುಕೂಲವೆಂದು ಹೆಸರಿಟ್ಟರು. ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಬುದ್ಧ ದಾರಿಯಲ್ಲಿ ಹೋಗುತ್ತ ಮಗಧದ ಗದ್ದೆಗಳನ್ನು ಆನಂದನಿಗೆ ತೋರಿಸುತ್ತಾನೆ. ಉದ್ದಕ್ಕೂ ಅಡ್ಡಕ್ಕೂ ಬದು ಹಾಕಿ ಮಡಿಮಡಿಯಾಗಿ ವಿಂಗಡಿಸಿದ ಆ ಗದ್ದೆಗಳ ಮಾದರಿಯಲ್ಲಿ ಭಿಕ್ಷುಗಳ ಚೀವರವನ್ನು ಹೊಲಿಯಬಹುದೇ ಎಂದು ಕೇಳುತ್ತಾನೆ. ಆನಂದ ಹಾಗೆಯೇ ಹೊಲಿದು ತಂದು ತೋರಿಸುತ್ತಾನೆ. ತುಂಡುಗಳ ಜೋಡಣೆಯ ಬಗೆಗೆ ಇಷ್ಟು ಹಳೆಯ, ಇಷ್ಟು ಖಚಿತವಾದ ಮಾತು ಬೇರೆಡೆ ಸಿಗುವುದು ಕಷ್ಟ. ಆ ಸಂಪ್ರದಾಯ ಬಹುದೂರ ಹರಿಯಿತು. ಆರೆಲ್ ಸ್ಟೈನ್ ೧೯೦೭ರಲ್ಲಿ ಚೀನದ ದುನ್‌ಹುವಾಂಗಿನ ಸಾವಿರ ಬುದ್ಧರ ಗುಹೆಗಳಿಂದ ತೆಗೆದುಕೊಂಡು ಹೋದ ವಸ್ತುಗಳಲ್ಲಿ, ರೇಷ್ಮೆಯ ತುಂಡುಗಳನ್ನು ಜೋಡಿಸಿ ಹೊಲಿದ ಎಂಟು-ಒಂಬತ್ತನೆಯ ಶತಮಾನದ ವಸ್ತ್ರವೊಂದಿದೆ. ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮಿನಲ್ಲಿದೆ.

ಸಂನ್ಯಾಸಿಯ ಕಂಥೆಗೂ ಗೃಹಿಣಿಯ ಕೌದಿಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಹೆಚ್ಚಿಲ್ಲ. ಆದರೆ ಹೇಳುವ ಮಾತು ತೀರ ಬೇರೆ. ತನ್ನದೆಂಬುದನ್ನು ಏನನ್ನೂ ಇಟ್ಟುಕೊಂಡಿಲ್ಲವೆಂದು ಕಂಥೆ ಸಾರುತ್ತದೆ. ಈ ಮನೆಯಲ್ಲಿ ಏನನ್ನೂ ಎಸೆದಿಲ್ಲವೆಂದು ಕೌದಿ ಸಾರುತ್ತದೆ. ಭಿಕ್ಷು ಆಯುವುದು ಯಾರದೋ ಬಟ್ಟೆಯನ್ನು. ಯಾರದೆಂದು ತಿಳಿಯದಿರುವುದೇ ಅವನ ಸಾಧನೆ. ಗೃಹಿಣಿಯ ಗಂಟಿನಲ್ಲಿ ಒಡೆಯರು ಗೊತ್ತಿಲ್ಲದ ತುಂಡೇ ಇರಕೂಡದು. ನಮ್ಮ ಕವಿಗಳು ಮೊದಲನೆಯದನ್ನು ಬಹಳ ಹಾಡಿದರು. ಶರಣರ ಸಾಲಿನಲ್ಲಿ ನೂಲುವ ಕದಿರೆ ರೆಮ್ಮವ್ವೆ, ನೇಯುವ ಜೇಡರ ದಾಸಿಮಯ್ಯ, ಹೊಲಿಯುವ ಸೂಜಿಕಾಯಕದ ರಾಮಿತಂದೆ ಇದ್ದಾರೆ. ಹೀಗೆ ಬಟ್ಟೆಯ ಪೂರ್ವಾರ್ಧಕ್ಕೆಲ್ಲ ಹೆಸರುಗಳಿವೆ. ಉತ್ತರಾರ್ಧ ಹೆಸರಿಲ್ಲದ ಹೆಂಗಸರಿಗೆ ಬಿಟ್ಟದ್ದು. ಅದು ಕಾಯಕವೆನಿಸದೆ, ಅಡಿಗೆ ಮುಗಿದ ಮೇಲೆ ಉಳಿದ ಹೊತ್ತಿನ ಕೆಲಸವೆನಿಸಿತು. ಊರೂರು ಅಲೆಯುವ ಸಮುದಾಯಗಳ ಹೆಂಗಸರು ಕೂಲಿಗೆ ಕೌದಿ ಹೊಲಿದು ಕೊಡುವುದೂ ಉಂಟು. ಅವರಿಗೂ ಗಂಟನ್ನು ಒದಗಿಸಬೇಕಾದವಳು ಮನೆಯೊಡತಿಯೇ.

ನಮ್ಮದು ಬಾಗಲಕೋಟೆ ಸೀಮೆಯ ಒಂದು ಹಳ್ಳಿ. ಒಂದು ದಿಕ್ಕಿಗೆ ಇಳಕಲ್ಲು, ಇನ್ನೊಂದು ದಿಕ್ಕಿಗೆ ಗುಳೇದಗುಡ್ಡ. ಆದ್ದರಿಂದ ನಮ್ಮವ್ವನ ಗಂಟಿನಲ್ಲಿ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ ಇವೇ ಮುಖ್ಯ. ಇಳಕಲ್ಲ ಸೀರೆಯ ಮೈಯ ಹಾಸು ಒಂದು, ಸೆರಗಿನ ಹಾಸು ಇನ್ನೊಂದು. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಅಂದರೆ ಆ ಸೀರೆ ಮಗ್ಗದ ಮೇಲೆಯೇ ಜೋಡಣೆಯ ಕೂಸು. ಹತ್ತಿಯ ಮೈ ಮೊದಲು ಸವೆಯುತ್ತದೆ, ಅದರಲ್ಲೂ ಕೂರುವ ಜಾಗದಲ್ಲಿ. ರೇಷ್ಮೆಯ ದಡಿಯೂ ಸೆರಗೂ ಆಮೇಲೂ ಗಟ್ಟಿಯಾಗಿರುತ್ತವೆ. ಖಣದ ಕುಬಸ ಮೊದಲು ಹರಿಯುವುದು ಬೆವರು ತಾಗುವ ಕಂಕುಳಲ್ಲಿ. ಬೆನ್ನಿನ ಭಾಗ ಹೊಸದರಂತೆಯೇ ಉಳಿದಿರುತ್ತದೆ. ತೇರು, ಆನೆಹೆಜ್ಜೆ, ತುಳಸಿ ಎಲೆ ಮುಂತಾದ ಚಿತ್ತಾರಗಳ ಆ ಬೆನ್ನಿನ ತುಂಡುಗಳೇ ಕೌದಿಯ ಮುಖಕ್ಕೆ ಒಡವೆ. ಧೋತರ ಮೊಣಕಾಲಿನ ಬಳಿ ಹೋಗುತ್ತದೆ, ಅಂಗಿ ಕಾಲರಿನಲ್ಲಿ. ಯಾವ ಬಟ್ಟೆ ಎಲ್ಲಿ ಸಾಯುತ್ತದೆ, ಎಲ್ಲಿ ಬದುಕಿರುತ್ತದೆ ಎಂಬ ಈ ಜ್ಞಾನವೇ ಸಂಗ್ರಹದ ಮೊದಲ ಪಾಠ.

ಅವ್ವನ ಬಳಿ ಮೂರು ಗಂಟುಗಳಿದ್ದವು, ಮೂರೂ ನಾಗೊಂದಿಗೆಯ ಮೇಲೆ ಸಾಲಾಗಿ. ಒಂದರಲ್ಲಿ ಮುಖಕ್ಕೆ ಬರುವ ತುಂಡು, ಇನ್ನೊಂದರಲ್ಲಿ ಒಡಲಿಗೆ ತುಂಬುವ ಮೆತ್ತನೆಯ ಧೋತರ ಸೀರೆಗಳ ಹರಕು, ಮೂರನೆಯದರಲ್ಲಿ ಸುರುಳಿ ಸುತ್ತಿಟ್ಟ ದಡಿಗಳು. ಹೊಸ ತುಂಡೊಂದು ನೇರವಾಗಿ ಗಂಟಿಗೆ ಸೇರುವಂತಿರಲಿಲ್ಲ. ಮೊದಲು ಗುಂಡಿ, ಕೊಕ್ಕೆಗಳನ್ನು ಕಿತ್ತು ಡಬ್ಬಿಗೆ ಹಾಕಬೇಕು. ಆಮೇಲೆ ತುದಿಯನ್ನು ಒದ್ದೆಮಾಡಿ ಬಿಳಿಯ ಧೋತರದ ಮೇಲೆ ಒತ್ತಿ ಬಣ್ಣ ಬಿಡುವುದೇ ಎಂದು ನೋಡಬೇಕು. ಕೊನೆಗೆ ಅಂಚಿನಲ್ಲಿ ಒಂದು ಗೇಣು ಹರಿಯಬೇಕು, ಕತ್ತರಿಸುವಂತಿಲ್ಲ. ಹರಿಯುವಾಗ ಬರುವ ಸದ್ದಿನಿಂದ ಅರಿವೆಯಲ್ಲಿ ಇನ್ನೆಷ್ಟು ವರ್ಷ ಜೀವವಿದೆಯೆಂದು ಅವಳು ಹೇಳುತ್ತಿದ್ದಳು. ಗಟ್ಟಿ ಅರಿವೆಯನ್ನು ಬಡಕಲು ಅರಿವೆಯ ಪಕ್ಕದಲ್ಲಿ ಹೊಲಿದರೆ ಗಟ್ಟಿಯದು ಬಡಕಲನ್ನು ಎಳೆದು ಹರಿಯುತ್ತದೆ. ಆದ್ದರಿಂದ ಗಂಟಿನೊಳಗೂ ತುಂಡುಗಳನ್ನು ಬಣ್ಣಕ್ಕನುಗುಣವಾಗಿ ಇಡದೆ ವಯಸ್ಸಿಗನುಗುಣವಾಗಿ ಇಡುತ್ತಿದ್ದಳು. ಹಳೆಯ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಹಾಕಬಾರದೆಂಬ ದೃಷ್ಟಾಂತ ಯೇಸುವಿನ ಉಪದೇಶದಲ್ಲಿ ಬರುತ್ತದಷ್ಟೆ. ಬೈಬಲ್ಲಿನ ಹೆಸರನ್ನೇ ಕೇಳದ ನಮ್ಮ ಓಣಿಯ ಹೆಂಗಸರಿಗೆಲ್ಲ ಆ ನಿಯಮ ತಿಳಿದಿತ್ತು. ಹೊಲಿಗೆಯ ಅನುಭವದಿಂದ ಬಂದದ್ದು ಎಲ್ಲಿ ಹುಟ್ಟಿದರೂ ಒಂದೇ.

ವರ್ಷಕ್ಕೊಮ್ಮೆ, ಸುಗ್ಗಿ ಮುಗಿದು ಬಿಸಿಲು ಬಲಿತ ಮೇಲೆ, ಮೂರು ಗಂಟುಗಳನ್ನೂ ಅಂಗಳದಲ್ಲಿ ಬಿಚ್ಚುತ್ತಿದ್ದಳು. ಬೇವಿನ ಹಳೆಯ ಎಲೆ ಕೊಡವಿ ಹೊಸ ಎಲೆ ಇಡುತ್ತಿದ್ದಳು. ಹೊಲಿಯುವ ವರ್ಷವಾದರೆ ಪಡಸಾಲೆಯಲ್ಲಿ ಹಳೆಯ ಸೀರೆಯೊಂದನ್ನು ಹಾಸಿ, ಅದರ ಮೇಲೆ ಒಡಲಿನ ಪದರ, ಅದರ ಮೇಲೆ ಮುಖದ ತುಂಡುಗಳನ್ನು ಜೋಡಿಸಿ, ಓಣಿಯ ಮೂವರು ನಾಲ್ವರು ಸುತ್ತ ಕುಳಿತು ಹೊಲಿಯುವರು. ಹೊಲಿಗೆಯ ಸಾಲುಗಳು ಕೂರಿಗೆಯ ಸಾಲಿನಂತೆ ಒಂದರ ಪಕ್ಕಕ್ಕೊಂದು ಹೋಗುತ್ತಿದ್ದವು. ಬುದ್ಧ ಮಗಧದಲ್ಲಿ ಕಂಡದ್ದನ್ನು ಎಂ.ಎ. ತರಗತಿಯಲ್ಲಿ ಓದಿದಾಗ ನನಗೆ ನೆನಪಾದದ್ದು ಆ ಪಡಸಾಲೆ.

ಗಂಟು ಬಿಚ್ಚಿದ ದಿನ ಮಕ್ಕಳಾದ ನಮಗೆ ಹಬ್ಬ. ಒಂದೊಂದು ತುಂಡಿಗೂ ಒಂದೊಂದು ವೃತ್ತಾಂತವಿರುತ್ತಿತ್ತು. “ಇದು ನಿಮ್ಮ ಅಜ್ಜನ ಪಟಗಾ ನೋಡು ತಮ್ಮಾ, ಇದಕ್ಕ ಕತ್ತರಿ ಹಚ್ಚಬ್ಯಾಡ. ಇದು ಕಂಟ್ರೋಲ್ ಅರಿವಿ. ಸಾಲಿನ್ಯಾಗ ನಿಂತು ತಂದದ್ದು, ಸೋಸಾಕ ಸುದ್ದಾ ಬರೂದಿಲ್ಲ ಅಂತ ನಿಮ್ಮ ಆಯಿ ಅತ್ತಿದ್ಲು.” ಈ ಕಂಟ್ರೋಲ್ ಅರಿವೆಯ ಚರಿತ್ರೆಯನ್ನು ನಾನು ಪುಸ್ತಕದಲ್ಲಿ ಓದಿದ್ದು ಎಷ್ಟೋ ವರ್ಷಗಳ ಮೇಲೆ. ಎರಡನೆಯ ಮಹಾಯುದ್ಧದಲ್ಲಿ ಗಿರಣಿಗಳ ಬಟ್ಟೆ ಸೈನ್ಯದ ಕಡೆಗೆ ಹರಿದು, ಜನರಿಗೆ ಸಿಗುವುದು ಕಡಿಮೆಯಾಗಿ, ಬೆಲೆ ಕೈಮೀರಿದಾಗ ಸರಕಾರ ೧೯೪೩ರಲ್ಲಿ ಬಟ್ಟೆ ಮತ್ತು ನೂಲಿನ ನಿಯಂತ್ರಣದ ಆಜ್ಞೆಯನ್ನು ಹೊರಡಿಸಿತು. ಆ ಆಜ್ಞೆಯ ಫಲ ಒಂದು ಗೇಣು ಒರಟು ಬಟ್ಟೆಯಾಗಿ ನಮ್ಮ ನಾಗೊಂದಿಗೆಯ ಮೇಲೆ ಕುಳಿತಿತ್ತು.

ಬಟ್ಟೆ ಒಂದು ಕಾಲಕ್ಕೆ ಎಷ್ಟು ದುರ್ಲಭವಾಗಿತ್ತೆಂಬುದನ್ನು ನೆನೆಯದೆ ಈ ಗಂಟು ಅರ್ಥವಾಗುವುದಿಲ್ಲ. ಒಬ್ಬ ನೇಕಾರನ ಮಗ್ಗಕ್ಕೆ ನೂಲೊದಗಿಸಲು ಹಲವು ರಾಟೆಗಳು ತಿರುಗಬೇಕಿದ್ದ ಕಾಲದಲ್ಲಿ ಒಂದು ಗೇಣು ಅರಿವೆಯೆಂದರೆ ಯಾರದೋ ಹಲವು ದಿನಗಳ ದುಡಿಮೆ. ಬರೆಯುವವರಾದ ನಮಗೂ ಚಿಂದಿಯ ಋಣವುಂಟು ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಮರದ ತಿರುಳು ಬಳಕೆಗೆ ಬರುವವರೆಗೆ ಯೂರೋಪಿನ ಕಾಗದವೆಲ್ಲ ತಯಾರಾಗುತ್ತಿದ್ದುದು ಹರಕು ಬಟ್ಟೆಯಿಂದಲೇ.

ನಮ್ಮ ಧಾರವಾಡ ಸೀಮೆ ಹತ್ತಿಯ ಸೀಮೆ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕೆಂದು ಈಸ್ಟ್ ಇಂಡಿಯಾ ಕಂಪನಿ ೧೮೪೦ರಲ್ಲಿ ಅಮೆರಿಕದ ದಕ್ಷಿಣ ಪ್ರಾಂತಗಳಿಂದ ಹತ್ತಿ ಬೆಳೆಗಾರರನ್ನು ಕರೆತಂದಿತು. ಅವರ ಪ್ರಯೋಗ ಬೇರೆಡೆ ಬಹುಮಟ್ಟಿಗೆ ಸೋತರೂ ಧಾರವಾಡದ ಕರಿಮಣ್ಣಿನಲ್ಲಿ ನ್ಯೂ ಓರ್ಲಿಯನ್ಸಿನ ಬೀಜ ಹಿಡಿಯಿತು. ‘ಧಾರವಾಡ-ಅಮೆರಿಕನ್’ ಎಂಬ ಹೆಸರೇ ಬಿದ್ದ ಆ ಹತ್ತಿ ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರಿಗೆ, ಅಲ್ಲಿಂದ ಮುಂಬಯಿಗೆ, ಮುಂಬಯಿಯಿಂದ ಇಂಗ್ಲೆಂಡಿಗೆ ಹೋಗುತ್ತಿತ್ತು. ಅಮೆರಿಕದ ಅಂತರ್ಯುದ್ಧ ನಡೆದ ೧೮೬೧ರಿಂದ ೧೮೬೫ರವರೆಗೆ ಬೆಲೆ ಗಗನಕ್ಕೇರಿತು. ಯುದ್ಧ ಮುಗಿದೊಡನೆ ಕುಸಿಯಿತು. ೧೮೮೦ರ ದಶಕದಲ್ಲಿ ಗದಗ, ಹುಬ್ಬಳ್ಳಿ, ಧಾರವಾಡಗಳಿಗೆ ರೈಲು ಬಂದಮೇಲೆ ಹತ್ತಿ ಹೊರಹೋಗುವುದೂ ಗಿರಣಿ ಬಟ್ಟೆ ಒಳಬರುವುದೂ ಸಲೀಸಾಯಿತು. ಬಣ್ಣವೂ ಬದಲಾಯಿತು. ಕೆಂಪು ಕೊಡುವ ಅಲಿಜರಿನ್ ೧೮೬೮ರಲ್ಲಿ ಜರ್ಮನಿಯ ಪ್ರಯೋಗಶಾಲೆಯಲ್ಲಿ ಸಿದ್ಧವಾಯಿತು. ಕೃತಕ ನೀಲಿ ೧೮೯೭ರಲ್ಲಿ ಮಾರುಕಟ್ಟೆಗೆ ಬಂತು. ಮಡ್ಡಿಬೇರಿನ ಕೆಂಪೂ ನೀಲಿಗಿಡದ ನೀಲಿಯೂ ನಿಧಾನವಾಗಿ ಹಿಂದೆ ಸರಿದವು. ಹೊಸ ಬಟ್ಟೆಯಲ್ಲಿ ಕಾಣದಾದ ಆ ಬಣ್ಣಗಳು ಹಳೆಯ ಗಂಟಿನ ತಳದಲ್ಲಿ ಇನ್ನೊಂದು ತಲೆಮಾರು ಉಳಿದಿದ್ದವು. ಶಾಸನಗಳನ್ನು ಲಿಪಿಯಿಂದ ಕಾಲನಿರ್ಣಯ ಮಾಡುವ ಹಾಗೆ ಕೌದಿಗಳನ್ನು ಬಣ್ಣದಿಂದ ಮಾಡಬಹುದು.

ವಿಚಿತ್ರವೆಂದರೆ, ತುಂಡು ಕೂಡಿಸುವುದು ಇಂಗ್ಲೆಂಡಿನ ದೊಡ್ಡ ಮನೆತನಗಳಲ್ಲಿ ವಿನೋದವಾದದ್ದು ನಮ್ಮ ದೇಶದ ಚಿಂದಿಯಿಂದಲೇ. ಹದಿನೇಳನೆಯ ಶತಮಾನದಲ್ಲಿ ಕೋರಮಂಡಲ ತೀರದ ಚೀಟಿಬಟ್ಟೆ, ಎಂದರೆ ಹೂಬಳ್ಳಿಗಳ ಬಣ್ಣದ ಹತ್ತಿಬಟ್ಟೆ, ಅಲ್ಲಿನ ಶ್ರೀಮಂತರಿಗೆ ಮರುಳು ಹಿಡಿಸಿತು. ಒಗೆದರೂ ಹೋಗದ ಬಣ್ಣ ಅವರಿಗೆ ಹೊಸತು. ದುಬಾರಿಯಾದ ಆ ಬಟ್ಟೆಯ ಚೂರನ್ನೂ ಎಸೆಯಲು ಮನಸ್ಸು ಬಾರದೆ ಜೋಡಿಸಿ ಹೊಲಿದರು. ಉತ್ತರ ಇಂಗ್ಲೆಂಡಿನ ಲೆವೆನ್ಸ್ ಹಾಲ್ ಎಂಬ ಮನೆಯಲ್ಲಿರುವ, ಸುಮಾರು ೧೭೦೮ರದೆಂದು ಹೇಳುವ ಹೊದಿಕೆಯ ತುಂಡುಗಳು ಇಂಥ ಭಾರತೀಯ ಚೀಟಿಬಟ್ಟೆಯವು. ಆ ದೇಶದಲ್ಲಿ ಉಳಿದಿರುವ ಅತಿ ಹಳೆಯ ಜೋಡುಹೊದಿಕೆಗಳಲ್ಲಿ ಅದೂ ಒಂದು. ತಮ್ಮ ನೇಕಾರರ ಕೂಗಿಗೆ ಮಣಿದು ಪಾರ್ಲಿಮೆಂಟು ೧೭೨೧ರಲ್ಲಿ ಅಚ್ಚುಹಾಕಿದ ಹತ್ತಿಬಟ್ಟೆಯನ್ನು ತೊಡುವುದನ್ನೂ ಮನೆಯಲ್ಲಿ ಬಳಸುವುದನ್ನೂ ನಿಷೇಧಿಸಿತು. ೧೭೭೪ರವರೆಗೆ ಆ ನಿಷೇಧವಿತ್ತು. ಚಿಂದಿಯ ಬೆಲೆ ಕಾನೂನಿನಿಂದಲೂ ಏರುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಇಂಗ್ಲೆಂಡಿನಿಂದ ವಲಸೆ ಹೋದವರ ಜೊತೆ ಈ ವಿದ್ಯೆ ಅಮೆರಿಕಕ್ಕೆ ಹೋಗಿ ಅಲ್ಲಿ ಬೃಹತ್ತಾಗಿ ಬೆಳೆಯಿತು. ಒಮ್ಮೆ ಬಡತನದ ಆಸರೆಯಾಗಿ, ಒಮ್ಮೆ ಅನುಕೂಲಸ್ಥರ ಹವ್ಯಾಸವಾಗಿ ಅದು ಬಣ್ಣ ಬದಲಿಸುತ್ತ ಬಂದಿದೆ. ೧೯೩೦ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಹಿಟ್ಟು, ಕೋಳಿಯ ಮೇವು ತುಂಬಿ ಬರುತ್ತಿದ್ದ ಚೀಲಗಳನ್ನು ಬಿಚ್ಚಿ ಹಳ್ಳಿಯ ಹೆಂಗಸರು ಲಂಗ, ಹೊದಿಕೆ ಹೊಲಿದರು. ಇದನ್ನು ಕಂಡ ವ್ಯಾಪಾರಿಗಳು ಚೀಲದ ಮೇಲೆಯೇ ಹೂಗಳನ್ನು ಅಚ್ಚುಹಾಕಿದರು, ಕಂಪನಿಯ ಹೆಸರು ಒಗೆದರೆ ಹೋಗುವಂತೆ ಮಾಡಿದರು. ಯಾವ ಮೇವು ಕೊಳ್ಳಬೇಕೆಂಬುದನ್ನು ಕೋಳಿಗಳ ಬದಲು ಮನೆಯೊಡತಿಯ ಕಣ್ಣು ನಿಶ್ಚಯಿಸತೊಡಗಿತು. ೧೯೭೧ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ ಹಳೆಯ ಹೊದಿಕೆಗಳನ್ನು ಚಿತ್ರಗಳ ಹಾಗೆ ಗೋಡೆಗೆ ತೂಗುಹಾಕಿತು. ಹವ್ಯಾಸ ಅಲ್ಲಿಂದ ಮತ್ತೆ ಹೊತ್ತಿಕೊಂಡಿತು. ೧೯೭೯ರಲ್ಲಿ ಜಪಾನಿನ ಓಲ್ಫಾ ಸಂಸ್ಥೆ ಬಟ್ಟೆ ಕತ್ತರಿಸಲು ಗಾಲಿಯಂತೆ ಉರುಳುವ ಕತ್ತಿಯನ್ನು ತಂದಮೇಲೆ ದಿನಗಟ್ಟಲೆಯ ಕೆಲಸ ಗಂಟೆಗಳಿಗೆ ಇಳಿಯಿತು.

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ಹೋದಾಗ ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಸೀಮೆಯಲ್ಲಿ ಇಂಥ ಬಟ್ಟೆಯ ಅಂಗಡಿಯೊಂದನ್ನು ನೋಡಿದೆ. ಉಡುವುದಕ್ಕಲ್ಲದೆ ಕೇವಲ ತುಂಡರಿಸುವುದಕ್ಕೆಂದೇ ನೇಯ್ದ ಹೊಚ್ಚ ಹೊಸ ಹತ್ತಿಬಟ್ಟೆ, ಛಾವಣಿಯವರೆಗೆ. ಒಂದು ಗಜದ ಕಾಲು ಪಾಲನ್ನು ಹದಿನೆಂಟು ಅಂಗುಲಕ್ಕೆ ಇಪ್ಪತ್ತೆರಡರಂತೆ ಕತ್ತರಿಸಿ ನಮ್ಮ ಖಣದ ಹಾಗೆ ಮಡಿಸಿ ಇಟ್ಟಿರುತ್ತಾರೆ. ಮಗಳ ನೆರೆಯಾಕೆ, ನನಗಿಂತ ಹಿರಿಯರು, ತಮ್ಮ ಸಂಗ್ರಹವನ್ನು ತೋರಿಸಿದರು. ಅವರ ಬಳಗದಲ್ಲಿ ಅದಕ್ಕೆ ‘ಸ್ಟ್ಯಾಶ್’ ಎಂದು ಹೆಸರು. ಬಚ್ಚಿಟ್ಟ ಗಂಟು ಎಂದು ಅರ್ಥ. ಕಾಮನಬಿಲ್ಲಿನ ಕ್ರಮದಲ್ಲಿ ಕಪಾಟುಗಳು, ಒಂದು ಅಂಗುಲದ ಚೂರಿಗೂ ಗಾಜಿನ ಭರಣಿ, ಭರಣಿಗೆ ಚೀಟಿ. ಗಂಡನ ಕಣ್ಣು ತಪ್ಪಿಸಿ ಬಟ್ಟೆ ಕೊಂಡು ತರುವುದನ್ನು ಅವರು ನಗುತ್ತ ಹೇಳಿದರು. ಕೊಂಡದ್ದನ್ನೆಲ್ಲ ಹೊಲಿಯಲು ಇನ್ನೊಂದು ಜನ್ಮ ಬೇಕೆಂಬುದು ಅವರಿಗೂ ಗೊತ್ತಿತ್ತು.

ಇಡಿಯ ಬಟ್ಟೆಯನ್ನು ಕೊಂಡು ಚಿಂದಿ ಮಾಡಿ ಮತ್ತೆ ಇಡಿಯಾಗಿಸುವುದು ಹುಚ್ಚಲ್ಲವೇ ಎಂದು ನಮ್ಮವರು ಕೇಳಬಹುದು. ನನಗೆ ಹಾಗನಿಸಲಿಲ್ಲ. ಪುಸ್ತಕ ಕೊಂಡು ಓದದೆ ಪೇರಿಸುವ ನಮ್ಮಂಥವರು ಆ ಪ್ರಶ್ನೆಯನ್ನು ಕೇಳಲೂಬಾರದು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಆಕೆಯ ಕಪಾಟನ್ನು ಯಾರು ಬೇಕಾದರೂ ಓದಬಹುದು. 'ನೀಲಿ ಕೊಡಿ' ಎಂದರೆ ಮೊಮ್ಮಗುವೂ ತಂದುಕೊಡುತ್ತದೆ. ಅವ್ವನ ಗಂಟಿಗೆ ಚೀಟಿಯಿರಲಿಲ್ಲ. ಅದರ ಸೂಚಿ ಇದ್ದದ್ದು ಅವಳ ನೆನಪಿನಲ್ಲಿ. ಬಣ್ಣದ ಕ್ರಮ ಉಳಿಯುತ್ತದೆ. ನೆನಪಿನ ಕ್ರಮ ಇಟ್ಟವರ ಜೊತೆಗೇ ಹೋಗುತ್ತದೆ.

ಅಮೆರಿಕದಲ್ಲಿಯೇ ನೆನಪಿನ ಕ್ರಮದವರೂ ಇದ್ದರು. ಅಲಬಾಮ ನದಿಯ ತಿರುವಿನಲ್ಲಿ ಗೀಸ್ ಬೆಂಡ್ ಎಂಬ ಊರಿದೆ. ಹಿಂದೆ ಅದು ಹತ್ತಿಯ ತೋಟ. ಅಲ್ಲಿರುವವರು ಆ ತೋಟದ ಗುಲಾಮರ ವಂಶಜರು. ಧಾರವಾಡಕ್ಕೆ ಬಂದ ಬೀಜದ ಜಾತಿಯ ಹತ್ತಿಯನ್ನೇ ಆ ದಕ್ಷಿಣ ಪ್ರಾಂತದಲ್ಲಿ ಬೆಳೆಯುತ್ತಿದ್ದರೆಂಬುದನ್ನು ನೆನೆದರೆ, ಗೀಸ್ ಬೆಂಡ್ ನಮಗೆ ತೀರ ಹೊರಗಿನ ಊರೆನಿಸುವುದಿಲ್ಲ. ಎರಡೂ ಕಡೆ ಹತ್ತಿ ಬೆಳೆದವರ ಪಾಲಿಗೆ ಬಂದದ್ದು ಚಿಂದಿ. ೧೯೪೨ರಲ್ಲಿ ಅಲ್ಲಿಯ ಮಿಸೌರಿ ಪೆಟ್ವೇ ಎಂಬಾಕೆ ಗಂಡ ಸತ್ತಾಗ ಅವನ ಹೊಲದ ಕೆಲಸದ ಬಟ್ಟೆಗಳನ್ನೆಲ್ಲ ಹರಿದು ಒಂದು ಹೊದಿಕೆ ಹೊಲಿದಳು. ಅವನ ನೆನಪನ್ನು ಹೊದ್ದುಕೊಳ್ಳುವುದಕ್ಕಾಗಿ ಹೀಗೆ ಮಾಡಿದಳೆಂದು ಮಗಳು ಆಮೇಲೆ ಹೇಳಿದ್ದಾಳೆ. ಬಿಸಿಲಿಗೆ ಮಾಸಿದ ನೀಲಿ ಷರಾಯಿಯಲ್ಲಿ ಮಾಸದ ಕಡುನೀಲಿಯ ಗುರುತುಗಳು ಉಳಿಯುವುದು ಕಿತ್ತ ಜೇಬಿನ, ತೇಪೆಯ ಜಾಗದಲ್ಲಿ. ಆ ಊರಿನ ಹೊದಿಕೆಗಳ ಅಲಂಕಾರವೇ ಅದು. ೧೯೬೬ರಲ್ಲಿ, ನಾಗರಿಕ ಹಕ್ಕುಗಳ ಹೋರಾಟದ ಕಾಲದಲ್ಲಿ, ಆ ಸೀಮೆಯ ಹೆಂಗಸರು ಫ್ರೀಡಮ್ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘ ಕಟ್ಟಿದರು. ೧೯೭೨ರಲ್ಲಿ ಸಿಯರ್ಸ್ ಕಂಪನಿಗೆ ಕಾರ್ಡುರಾಯ್ ಬಟ್ಟೆಯ ದಿಂಬಿನ ಚೀಲಗಳನ್ನು ಹೊಲಿದುಕೊಡುವ ಕೆಲಸ ಬಂತು. ಉಳಿದ ಚೂರುಗಳು ಮನೆಗಳಿಗೆ ಹೋಗಿ, ಆ ದಶಕದ ಅಲ್ಲಿಯ ಹೊದಿಕೆಗಳಲ್ಲಿ ಕಾರ್ಡುರಾಯ್ ತುಂಬಿತು. ೨೦೦೨ರಲ್ಲಿ ಇವು ದೊಡ್ಡ ಮ್ಯೂಸಿಯಮ್ಮುಗಳನ್ನು ಸೇರಿದವು, ೨೦೦೬ರಲ್ಲಿ ಅಂಚೆಚೀಟಿಗಳಾದವು.

ಆಫ್ರಿಕದ ಮೂಲದ ಇನ್ನೊಂದು ಕವಲು ನಮ್ಮ ಕಾಡಿನಲ್ಲೇ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಗಳ ಸಿದ್ದಿಯರ ಪೂರ್ವಿಕರಲ್ಲಿ ಹಲವರು ಗೋವೆಯ ಪೋರ್ಚುಗೀಸರಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರು. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು ೨೦೦೩ರಲ್ಲಿ. ಅವರ ಕವಂದಿಯನ್ನು ಅಂಚಿನಿಂದ ಆರಂಭಿಸಿ ಸುತ್ತು ಬರುತ್ತ ನಡುವಿಗೆ ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಮುಕ್ಕೋನದ ತುಂಡುಗಳ ‘ಫೂಲ’ ಇರಬೇಕು. ಅದಿಲ್ಲದ ಕವಂದಿ ಬತ್ತಲೆಯೆಂದು ಅವರ ಭಾವನೆ. ಇದನ್ನು ಹೊರಗಿನ ವಿದ್ವತ್ತಿಗೆ ಪರಿಚಯಿಸಿದವರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಮುಖ್ಯರು. ನಮ್ಮ ವಿಶ್ವವಿದ್ಯಾನಿಲಯಗಳಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿಯಲ್ಲಿದ್ದ ವಿದ್ಯೆಯನ್ನು ಕಾಣಲು ವಿಸ್ಕಾನ್ಸಿನ್ನಿನಿಂದ ಬರಬೇಕಾಯಿತೆಂಬುದನ್ನು ನಾನು ಒತ್ತಿ ಹೇಳುವುದಿಲ್ಲ.

ನಮ್ಮ ಗಂಟಿಗೆ ಕುತ್ತು ಬಂದದ್ದು ಟೆರಿಲಿನ್ನಿನಿಂದ. ೧೯೬೦ರ ದಶಕದ ಮಧ್ಯದಿಂದ ದೇಶದಲ್ಲೇ ಪಾಲಿಯೆಸ್ಟರ್ ನಾರು ತಯಾರಾಗತೊಡಗಿತು. ೧೯೮೫ರ ಜವಳಿ ನೀತಿ ಹತ್ತಿಗೂ ಅದಕ್ಕೂ ಇದ್ದ ಭೇದವನ್ನು ತೆಗೆಯಿತು. ಒಗೆಯಲು ಸುಲಭ, ಇಸ್ತ್ರಿ ಬೇಡ, ಬೇಗ ಹರಿಯುವುದಿಲ್ಲ. ದುಡಿಯುವ ಹೆಂಗಸಿಗೆ ಅದು ವರವೇ. ಆದರೆ ಹರಿಯದ ಬಟ್ಟೆ ಗಂಟಿಗೆ ಬರುವುದಿಲ್ಲ. ಬಂದರೂ ಜಾರುತ್ತದೆ, ಬೆವರು ಹೀರುವುದಿಲ್ಲ, ಎಷ್ಟು ಒಗೆದರೂ ಹತ್ತಿಯ ಹಾಗೆ ಮೆತ್ತಗಾಗುವುದಿಲ್ಲ. ಮೇಲಾಗಿ ಪಾಣಿಪತ್ತಿನ ಅಗ್ಗದ ಹೂವಿನ ಕಂಬಳಿಗಳು ಸಂತೆಗೆ ಬಂದವು. ನಮ್ಮ ಓಣಿಯ ಪಡಸಾಲೆಗಳಲ್ಲಿ ಕೌದಿಗೆ ಕೂರುವುದು ನಿಂತದ್ದು ಹೀಗೆ, ಯಾರೂ ನಿಲ್ಲಿಸದೆ.

ಅವ್ವ ೨೦೦೪ರಲ್ಲಿ ತೀರಿಕೊಂಡಳು. ಮನೆ ಖಾಲಿ ಮಾಡುವಾಗ ಪಾತ್ರೆಗಳಿಗೆ, ಕಾಗದಪತ್ರಗಳಿಗೆ ಹಕ್ಕುದಾರರಿದ್ದರು, ಗಂಟುಗಳಿಗೆ ಇರಲಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದ ನನ್ನ ತಂಗಿ ಅವನ್ನು ತನ್ನ ಮನೆಗೆ ಒಯ್ದು ಟ್ರಂಕಿನಲ್ಲಿಟ್ಟಳು. ನಿವೃತ್ತಿಯಾದ ಮೇಲೆ ಅವಳಿಗೆ ಈ ಗೀಳು ಅಂಟಿದೆ. ಬಾಗಲಕೋಟೆಯ ಸಿಂಪಿಗರ ಅಂಗಡಿಗಳಿಂದ ಕತ್ತರಿಸಿ ಉಳಿದ ಚೂರು ತರುತ್ತಾಳೆ. ಒಂದು ಎಳೆ ಕಿತ್ತು ಕಡ್ಡಿ ಗೀರಿ ಸುಡುತ್ತಾಳೆ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಇನ್ನೊಂದು. ಹತ್ತಿಯದು ಬಿಸ್ಕೀಟಿನ ಡಬ್ಬಿಗಳಿಗೆ, ಬಣ್ಣದ ಪ್ರಕಾರ. ಇನ್ನೊಂದು ಒರಸುಬಟ್ಟೆಗೂ ಬಾರದೆ ಸಿಂಪಿಗನಿಗೇ ವಾಪಸು.

ಕಳೆದ ವರ್ಷ ನಾವಿಬ್ಬರೂ ಕುಳಿತು ಅವ್ವನ ಗಂಟು ಬಿಚ್ಚಿದೆವು. ಮುಖದ ತುಂಡುಗಳು ನಲವತ್ತೊಂದು. ಗುರುತು ಸಿಕ್ಕವಕ್ಕೆಲ್ಲ ತಂಗಿ ಚೀಟಿ ಬರೆದು ಗುಂಡುಪಿನ್ನು ಚುಚ್ಚಿದಳು: ಅಜ್ಜನ ಪಟಗಾ, ನನ್ನ ಜವಳದ ಅಂಗಿ, ಅವಳ ಮೈನೆರೆದಾಗಿನ ಖಣ. ಹದಿನೆಂಟಕ್ಕೆ ನಾವು ಸೋತೆವು. ಅವ್ವನ ಬೆನ್ನಿಗೆ ಬಿದ್ದ ತಂಗಿ, ನಮ್ಮ ಚಿಗವ್ವ, ಇನ್ನೂ ಇದ್ದಾಳೆ. ತೊಂಬತ್ತು ದಾಟಿದೆ, ಕಣ್ಣು ಹೋಗಿದೆ. ಅವಳ ಮಡಿಲಿಗೆ ಒಂದೊಂದನ್ನೇ ಹಾಕಿದೆವು. ಬೆರಳಿನಿಂದ ಉಜ್ಜಿ, ಅಂಚು ಎಳೆದು ನೋಡಿ, ಹನ್ನೊಂದಕ್ಕೆ ಒಡೆಯರ ಹೆಸರು ಹೇಳಿದಳು. ಒಂದನ್ನು ಮುಟ್ಟಿದೊಡನೆ, “ಇದು ಕಂಟ್ರೋಲ್ ಅರಿವಿ ಅಲ್ಲೇನವಾ, ಇನ್ನೂ ಐತೇನು ಈ ದರಿದ್ರದ್ದು?” ಎಂದು ನಕ್ಕಳು. ಉಳಿದ ಏಳನ್ನು ಮಡಿಸಿ ನಮ್ಮ ಕೈಗೇ ಕೊಟ್ಟಳು.

ತಂಗಿ ಈ ಬೇಸಗೆಯಲ್ಲಿ ಮೂವತ್ತನಾಲ್ಕು ತುಂಡುಗಳ ಕೌದಿ ಮುಗಿಸಿದಳು. ಚೀಟಿಗಳಲ್ಲಿದ್ದುದನ್ನೆಲ್ಲ ಒಂದು ವಹಿಯಲ್ಲಿ ಬರೆದು, ಯಾವ ಸಾಲಿನ ಎಷ್ಟನೆಯ ತುಂಡು ಯಾರದೆಂದು ನಕ್ಷೆ ಹಾಕಿಟ್ಟಿದ್ದಾಳೆ. ಹೆಸರಿಲ್ಲದ ಏಳು ತುಂಡುಗಳು ಬೇವಿನ ಎಲೆಯೊಡನೆ ಮತ್ತೆ ಟ್ರಂಕಿಗೆ ಹೋಗಿವೆ. ಕೌದಿಯ ಹಿಂಬದಿಗೆ ಅವಳು ಹಾಕಿರುವುದು ತಾನು ನಿವೃತ್ತಳಾದ ದಿನ ಉಟ್ಟಿದ್ದ ಸೀರೆಯನ್ನು. ಕಡ್ಡಿ ಗೀರಿ ನೋಡಿದಾಗ ಅದರ ಎಳೆ ಅರ್ಧ ಬೂದಿಯಾಗಿ ಅರ್ಧ ಮಣಿಯಾಗಿತ್ತು.